ಸಮುದ್ರದ ನೀರಿಗೆ 850 ರೂಪಾಯಿಯ ಪಿಎಚ್ ಮೀಟರ್: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ, ದುಡ್ಡು ದಂಡ ಆಗುವುದಿಲ್ಲ. ಆದರೆ ಡಬ್ಬಿಯಿಂದ ತೆಗೆದ ತಕ್ಷಣ ಅದು ತೋರಿಸುವ ಅಂಕಿಯನ್ನು ನಂಬಿ ಮಕ್ಕಳ ನೋಟ್‌ಬುಕ್ಕಿಗೆ ಬರೆಸಬೇಡಿ. ನಾನು ಅದನ್ನೇ ಮಾಡಿದ್ದೆ. ಆಮೇಲೆ ಎರಡು ಪುಟ ಹೊಡೆದು ಹಾಕಿಸಬೇಕಾಯಿತು.

ನೀರು ಎಷ್ಟು ಹುಳಿ ಅಂತ ಪಿಎಚ್ ಅನ್ನುವ ಅಂಕಿಯಲ್ಲಿ ತೋರಿಸುವ ಉಪಕರಣ ಇದು (ಏಳು ನಡು, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ). ಪೆನ್ನಿಗಿಂತ ಸ್ವಲ್ಪ ದಪ್ಪ, ಹಳದಿ ಬಣ್ಣ. ಕೆಳಗೆ ಗಾಜಿನ ಗುಂಡು, ಮೇಲೆ ಚಿಕ್ಕ ಪರದೆ, ಎರಡು ಬಟನ್. ಮೈಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಜೊತೆಗೆ ಮೀಟರ್ ಸರಿಹೊಂದಿಸಲು ಮೂರು ಬಫರ್ ಪುಡಿಯ ಪೊಟ್ಟಣ (ನೀರಿಗೆ ಕರಗಿಸಿದರೆ ಪಿಎಚ್ ಇಷ್ಟೇ ಅಂತ ಗೊತ್ತಿರುವಂಥವು: 4.00, 6.86, 9.18), ಚಿಕ್ಕ ಚಿಕ್ಕ ಅಕ್ಷರಗಳ ಒಂದು ಕಾಗದ. ದಾವಣಗೆರೆಯಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹೋದ ಜೂನ್‌ನಲ್ಲಿ ತಗೊಂಡೆ. ಅಂಗಡಿಯವರು ಕೇಳಿದರು, "ಎದಕ್ಕೆ ಬೇಕ್ರಿ ಮೇಡಂ, ಬೋರ್ ನೀರಿಗಾ, ಮಣ್ಣಿಗಾ?" "ಸಮುದ್ರದ ನೀರಿಗೆ ಅಣ್ಣಾ" ಅಂದೆ. "ಸಮುದ್ರ ಇಲ್ಲೆಲ್ಲೈತ್ರೀ?" ಅಂದರು. ಆದರೂ ಒಳಗಿಂದ ಎರಡು ಪೀಸ್ ತಂದು ಒಂದೇ ಲೋಟದ ನೀರಿಗೆ ಇಟ್ಟು ತೋರಿಸಿದರು. ಒಂದು 7.4 ಅಂದಿತು, ಇನ್ನೊಂದು 7.9. ನಾನು ಆಗಲೇ ಯೋಚಿಸಬೇಕಿತ್ತು.

ಮೊದಲ ಪೀಸ್ ಒಂದೇ ವಾರಕ್ಕೆ 7.00ರ ಮೇಲೆ ಕೂತುಬಿಟ್ಟಿತು. ನಿಂಬೆರಸಕ್ಕೆ ಇಟ್ಟರೂ ಏಳು, ಸೋಪಿನ ನೀರಿಗೆ ಇಟ್ಟರೂ ಏಳು. ಬದಲಿ ಕೊಡಲು ಎರಡು ಸಲ ಓಡಾಡಿಸಿದರು. ಕೊನೆಗೆ ಕೊಟ್ಟರು. ಈ ರಿವ್ಯೂ ಆ ಎರಡನೇ ಪೀಸಿನದ್ದು.

ನಾನು ದಾವಣಗೆರೆ ಪಕ್ಕದ ಹಳ್ಳಿಯೊಂದರಲ್ಲಿ ಹೈಸ್ಕೂಲು ವಿಜ್ಞಾನ ಟೀಚರ್. ಶಾಲೆಯ ಹಿಂದೆ ಭದ್ರಾ ನಾಲೆ, ಸುತ್ತ ಗದ್ದೆ. ಸಮುದ್ರಕ್ಕೂ ನಮಗೂ ನಡುವೆ ಇಡೀ ಘಟ್ಟ ಇದೆ. ಆದರೆ ಮಕ್ಕಳನ್ನು ಟೂರಿಗೆ ಮಲ್ಪೆಗೆ ಕರೆದುಕೊಂಡು ಹೋಗಿದ್ದೆವು. ಪ್ರತಿಯೊಬ್ಬರೂ ಜೇಬು ತುಂಬ ಚಿಪ್ಪು ತುಂಬಿಕೊಂಡು ಬಂದರು. ಮುಂದಿನ ವಾರ ಆಮ್ಲ, ಪ್ರತ್ಯಾಮ್ಲದ ಪಾಠ. ಗಾಳಿಗೆ ನಾವು ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ, ಅದರಿಂದ ನೀರು ಹುಳಿಯ ಕಡೆಗೆ ಸರಿಯುತ್ತಿದೆ, ಚಿಪ್ಪಿನ ಜೀವಿಗಳಿಗೆ ಕಷ್ಟ ಅಂತ ಹೇಳಿದೆ. "ಹಾಗಾದ್ರೆ ನಮ್ಮ ಚಿಪ್ಪು ಕರಗ್ತಾವಾ ಮಿಸ್?" ಅಂತ ಕೇಳಿದರು. ಮಾಡಿಯೇ ನೋಡೋಣ ಅಂದೆ.

ಇದನ್ನು ಮಾಡಲು ಹೊರಟವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಗೊತ್ತಲ್ವಾ? ಮೊಟ್ಟೆಯ ಸಿಪ್ಪೆಯನ್ನೋ ಚಿಪ್ಪನ್ನೋ ವಿನೆಗರ್‌ಗೆ ಹಾಕುತ್ತಾರೆ. ಬುಸ್ಸಂತ ಗುಳ್ಳೆ ಬರುತ್ತದೆ. "ನೋಡಿ ಮಕ್ಕಳೇ, ಸಮುದ್ರದಲ್ಲೂ ಹೀಗೇ ಆಗುತ್ತದೆ" ಅಂತ ಹೇಳಿ ಪಾಠ ಮುಗಿಸುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ವಿನೆಗರಿನ ಪಿಎಚ್ ಎರಡೂವರೆಯ ಹತ್ತಿರ ಇರುತ್ತದೆ. ಸಮುದ್ರದ ಮೇಲ್ನೀರು ಕೈಗಾರಿಕೆ ಶುರುವಾಗುವ ಮುಂಚೆ ಸುಮಾರು 8.2 ಇತ್ತು, ಈಗ ಸುಮಾರು 8.1. ಅದು ಇವತ್ತಿಗೂ ಏಳರ ಮೇಲೇ ಇದೆ. ಹೇಳಬೇಕಾದ ವಿಷಯ ಆ 0.1ರಲ್ಲೇ ಇದೆ. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು. ಹಾಗಾಗಿ 0.1 ಇಳಿದರೂ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನು ಕಾಲು ಭಾಗಕ್ಕಿಂತ ಜಾಸ್ತಿ ಏರಿದಂತೆ. ಸಣ್ಣ ಅಂಕಿ, ದೊಡ್ಡ ವಿಷಯ. ವಿನೆಗರ್ ಈ ಸಣ್ಣ ಅಂಕಿಯನ್ನೇ ಮರೆಸಿಬಿಡುತ್ತದೆ.

ಮೀಟರ್ ಇಲ್ಲದೆ ಚೆನ್ನಾಗಿ ತೋರಿಸಬೇಕು ಅಂದರೆ ಎಲೆ ಅಡಿಕೆಯ ಸುಣ್ಣ ಸಾಕು. ಸುಣ್ಣವನ್ನು ನೀರಿಗೆ ಕದಡಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಮಾತ್ರ ಬಸಿದುಕೊಂಡು, ಅದಕ್ಕೆ ಹತ್ತು ಪಟ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳು ಮಾಡಿ (ಗಟ್ಟಿಯಾಗಿದ್ದರೆ ಬರೀ ಉಸಿರಿಗೆ ಮತ್ತೆ ಪೂರ್ತಿ ತಿಳಿಯಾಗುವುದಿಲ್ಲ). ಸ್ಟ್ರಾದಿಂದ ನಿಧಾನವಾಗಿ ಊದಿಸಿ. ಹೀರದಂತೆ ನೋಡಿಕೊಳ್ಳಿ, ಸುಣ್ಣದ ನೀರು ಬಾಯಿ ಸುಡುತ್ತದೆ. ಒಂದೆರಡು ನಿಮಿಷಕ್ಕೆ ತಿಳಿ ನೀರು ಬೆಳ್ಳಗೆ ಮಸುಕಾಗುತ್ತದೆ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಊದುತ್ತಲೇ ಇರಿ, ಇಬ್ಬರು ಮೂವರು ಸರದಿಯ ಮೇಲೆ ಊದಲಿ. ಬೆಳ್ಳಗಿದ್ದದ್ದು ಮೆಲ್ಲಗೆ ತೆಳುವಾಗುತ್ತಾ ಹೋಗುತ್ತದೆ, ಲೋಟದ ಹಿಂದೆ ಹಿಡಿದ ಬೆರಳು ಮೊದಲು ನೆರಳಿನ ಹಾಗೆ, ಆಮೇಲೆ ಉಗುರಿನ ಸಮೇತ ಕಾಣುತ್ತದೆ. ಮೊದಲು ಹುಟ್ಟಿದ್ದು ಚಿಪ್ಪಿನಲ್ಲಿ ಇರುವಂಥದ್ದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆಮೇಲೆ ಅದನ್ನು ಕರಗಿಸಿದ್ದು ಅದೇ ಉಸಿರಿನ ಕಾರ್ಬನ್ ಡೈಆಕ್ಸೈಡ್. ಒಂದೇ ಲೋಟದಲ್ಲಿ ಎರಡೂ.

ಈಗ ಮೀಟರಿಗೆ ಬರೋಣ. ಕುಂದಾಪುರದಲ್ಲಿರುವ ನನ್ನ ತಮ್ಮ ಬಸ್ಸಿನಲ್ಲಿ ಇಪ್ಪತ್ತು ಲೀಟರ್ ಸಮುದ್ರದ ನೀರು ಕಳಿಸಿದ. ಬರೀ ಕಲ್ಲುಪ್ಪು ಕರಗಿಸಿದರೆ ಆಗುವುದಿಲ್ವಾ ಅಂತ ಕೇಳುವವರಿಗೆ: ಆಗುವುದಿಲ್ಲ. ಸಮುದ್ರದ ನೀರಿನಲ್ಲಿ ಬೈಕಾರ್ಬೊನೇಟ್ ಇದೆ. ಆಮ್ಲ ಬಂದರೆ ಅದು ತಡೆದುಕೊಳ್ಳುತ್ತದೆ. ಉಪ್ಪಿನ ನೀರಿಗೆ ಆ ಶಕ್ತಿ ಇಲ್ಲ, ನಾಲ್ಕು ಗುಳ್ಳೆಗೇ ಪಿಎಚ್ ದಬಕ್ಕನೆ ಬೀಳುತ್ತದೆ. ಇನ್ನೊಂದು, ಕ್ಯಾನು ಕಂಠದವರೆಗೆ ತುಂಬಿರಬೇಕು, ತಂಪಾಗಿರಬೇಕು. ಮೊದಲ ಸಲದ ಕ್ಯಾನು ಅರ್ಧ ಖಾಲಿ ಇತ್ತು, ಮೂರು ದಿನ ಸೆಕೆಯಲ್ಲಿ ಬಿದ್ದಿತ್ತು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಉಸಿರಾಡಿಯೇ ಪಿಎಚ್ ಇಳಿಸಿಬಿಡುತ್ತವೆ. ವಿಜ್ಞಾನಿಗಳು ಸ್ಯಾಂಪಲ್ ತೆಗೆದ ಕೂಡಲೇ ಅದಕ್ಕೆ ಪಾದರಸದ ಕ್ಲೋರೈಡ್ ಹಾಕಿ ಇವನ್ನು ಕೊಲ್ಲುತ್ತಾರೆ. ಅದು ಕಡು ವಿಷ, ಶಾಲೆಗೆ ಬೇಡವೇ ಬೇಡ. ನಾವು ಎರಡನೇ ಸಲ ಬಂದ ದಿನವೇ ಕೆಲಸ ಶುರು ಮಾಡಿದೆವು.

ಈ ಮೀಟರಿನ ಕಾಗದದಲ್ಲಿ "ತಪ್ಪು ±0.1" ಅಂತ ಬರೆದಿದೆ. ಪರದೆಯಲ್ಲಿ ಮಾತ್ರ 8.07, 8.13 ಅಂತ ಎರಡು ಸ್ಥಾನದವರೆಗೆ ತೋರಿಸುತ್ತದೆ. ನೋಡಿದವರಿಗೆ ಬಹಳ ಕರಾರುವಾಕ್ಕು ಅನ್ನಿಸುತ್ತದೆ. ಆದರೆ ಯೋಚಿಸಿ: ಎರಡು ಶತಮಾನದಲ್ಲಿ ಇಡೀ ಸಮುದ್ರದಲ್ಲಿ ಆದ ಬದಲಾವಣೆಯೇ 0.1. ಅಷ್ಟೂ ಈ ಮೀಟರಿನ ತಪ್ಪಿನೊಳಗೆ ಮುಳುಗಿ ಹೋಗುತ್ತದೆ! ಹವಾಯಿ ಹತ್ತಿರ ಅಲೋಹಾ ಅನ್ನುವ ಜಾಗದಲ್ಲಿ 1988ರಿಂದ ಸಮುದ್ರದ ನೀರು ಅಳೆಯುತ್ತಾ ಬಂದಿದ್ದಾರೆ. ಅಲ್ಲಿ ವರ್ಷಕ್ಕೆ ಇಳಿಯುವುದು 0.002ರ ಆಸುಪಾಸು. ಅದನ್ನು ಹಿಡಿಯಲು ಬಣ್ಣದ ದ್ರಾವಣ ಹಾಕಿ ಬೆಳಕಿನಿಂದ ಅಳೆಯುತ್ತಾರೆ. ಅಳತೆ ಸರಿಯಿದೆಯಾ ಅಂತ ನೋಡಲು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ಅವರ ಲ್ಯಾಬ್ ಸಮುದ್ರದ ನೀರನ್ನೇ ಬಾಟಲಿಗೆ ತುಂಬಿ, ಅದರ ಗುಣ ಬರೆದು, ಜಗತ್ತಿನ ಲ್ಯಾಬುಗಳಿಗೆ ಕಳಿಸುತ್ತಾ ಬಂದಿದೆ. ಎಲ್ಲರೂ ಒಂದೇ ನೀರು ಅಳೆದು ಒಂದೇ ಉತ್ತರ ಬಂದರೆ ಮುಂದಿನ ಮಾತು. ನಮ್ಮ ಊರ ಸಂತೆಯಲ್ಲಿ ತಕ್ಕಡಿ ಕಲ್ಲಿಗೆ ಸೀಲು ಹಾಕಿಸಿದ ಹಾಗೆ.

ನಮಗೆ ಸಿಗುವ ಸೀಲು ಅಂದರೆ ಆ ಬಫರ್ ಪುಡಿ. ಪ್ರತಿ ದಿನ 6.86ಕ್ಕೆ ಒಂದು ಸಲ, 9.18ಕ್ಕೆ ಒಂದು ಸಲ ಇಟ್ಟು ಸರಿ ಮಾಡಿಕೊಳ್ಳಬೇಕು. ಸಮುದ್ರದ ನೀರು ಈ ಎರಡರ ನಡುವೆ ಬರುತ್ತದೆ, ಹಾಗಾಗಿ 4.00ರ ಪೊಟ್ಟಣ ಒಡೆಯುವುದೇ ಬೇಡ. ಪುಡಿ ಕರಗಿಸಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದೆ. ಇಷ್ಟು ಮಾಡಿದರೂ ಇವು ಸಿಹಿನೀರಿನ ಬಫರ್. ಉಪ್ಪು ನೀರಿಗೆ ಇಟ್ಟಾಗ ಅಂಕಿ ಸ್ವಲ್ಪ ಪಕ್ಕಕ್ಕೆ ಸರಿದೇ ಇರುತ್ತದೆ. ಆದ್ದರಿಂದ "ಕುಂದಾಪುರದ ಸಮುದ್ರದ ಪಿಎಚ್ ಇಷ್ಟು" ಅಂತ ಹೇಳಲು ಈ ಮೀಟರ್ ಆಗುವುದಿಲ್ಲ. ಒಂದೇ ದಿನ, ಒಂದೇ ಮೀಟರಿನಲ್ಲಿ, "ಈ ಡಬ್ಬಿಗಿಂತ ಆ ಡಬ್ಬಿ ಕಡಿಮೆ" ಅಂತ ಹೇಳಲು ಆಗುತ್ತದೆ. ಅಷ್ಟನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಮೊದಲ ಪ್ರಯೋಗ ಹೀಗಿತ್ತು. ಆರು ಗಾಜಿನ ಬಾಟಲಿ, ಒಂದೊಂದರಲ್ಲಿ ಒಂದು ಲೀಟರ್ ನೀರು, ಒಣಗಿಸಿ ತೂಗಿದ ಚಿಪ್ಪು. ಮೂರಕ್ಕೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್, ಮೂರಕ್ಕೆ ಇಲ್ಲ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು, ಬರುವ ಗ್ಯಾಸನ್ನು ನಡುವೆ ಒಂದು ನೀರಿನ ಬಾಟಲಿ ದಾಟಿಸಿ (ಇಲ್ಲದಿದ್ದರೆ ವಿನೆಗರಿನ ಹನಿಯೇ ಹಾರಿ ಬರುತ್ತದೆ), ಮೀನಿನ ತೊಟ್ಟಿಯ ಪೈಪಿನಿಂದ ಬಿಟ್ಟೆವು. ದಿನಾ ಧಾರಾಳವಾಗಿ ಬಿಟ್ಟೆವು, ಮೀಟರ್ ಆರೂವರೆಯ ಹತ್ತಿರ ತೋರಿಸುವವರೆಗೆ. ಮೂರು ವಾರದ ಮೇಲೆ ಬಂಗಾರದ ಅಂಗಡಿಯವರು ಬಳಸುವಂಥ ಚಿಕ್ಕ ತಕ್ಕಡಿಯಲ್ಲಿ ತೂಗಿದರೆ, ಗ್ಯಾಸಿನ ಮೂರೂ ಚಿಪ್ಪು ಇಳಿದಿವೆ, ಉಳಿದ ಮೂರು ಹಾಗೇ ಇವೆ. ಮಕ್ಕಳು ಚಪ್ಪಾಳೆ ಹೊಡೆದರು. ವಿಜ್ಞಾನ ಮೇಳಕ್ಕೆ ಕಳಿಸೋಣ ಅಂತ ನಾನೂ ಚಾರ್ಟ್ ಪೇಪರ್ ತಂದಿದ್ದೆ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಜಾಸ್ತಿ ಮಾತಾಡದವಳು, ಬಾಟಲಿ ತೊಳೆಯಲು ಎತ್ತುತ್ತಾ ಕೇಳಿದಳು: "ಮಿಸ್, ಕಿಟಕಿ ಕಡೆ ಇದ್ದಿದ್ದೆಲ್ಲಾ ಗ್ಯಾಸಿನ ಬಾಟಲಿಗಳೇ ಅಲ್ವಾ?"

ಹೌದು. ಮೂರೂ ಅಲ್ಲೇ. ಮಧ್ಯಾಹ್ನ ಬಿಸಿಲು ನೇರ ಅವುಗಳ ಮೇಲೆ. ನೀರು ಒಂದು ಡಿಗ್ರಿ ಬಿಸಿಯಾದರೆ ಸಮುದ್ರದ ನೀರಿನ ಪಿಎಚ್ ತಾನಾಗಿಯೇ ಸುಮಾರು 0.015 ಇಳಿಯುತ್ತದೆ. ಹತ್ತು ಡಿಗ್ರಿಗೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಜೊತೆಗೆ ನೀರು ಆವಿಯಾಗಿ ಉಪ್ಪು ಏರುತ್ತದೆ. ಚಿಪ್ಪಿನ ತೂಕ ಇಳಿದದ್ದು ಗ್ಯಾಸಿನಿಂದಲಾ, ಕಿಟಕಿಯಿಂದಲಾ ಅಂತ ಹೇಳಲು ನಮ್ಮ ಹತ್ತಿರ ದಾರಿಯೇ ಇರಲಿಲ್ಲ. ಇನ್ನೊಂದೂ ಇತ್ತು. ಮೂರು ಬಾಟಲಿಗೂ ಒಂದೇ ಪೈಪು, ಒಂದೇ ಸೋಡಾ ಬಾಟಲಿ. ಅದರಲ್ಲಿ ಏನಾದರೂ ಎಡವಟ್ಟಾದರೆ ಮೂರಕ್ಕೂ ಒಟ್ಟಿಗೇ ಆಗುತ್ತದೆ. ಹೆಸರಿಗೆ ಮೂರು, ನಿಜವಾಗಿ ಒಂದೇ.

ಇದು ನಮ್ಮಂಥ ಶಾಲೆಯ ತಪ್ಪು ಮಾತ್ರ ಅಲ್ಲ. ಕ್ರಿಸ್ಟೋಫರ್ ಕಾರ್ನ್‌ವಾಲ್ ಮತ್ತು ಕ್ಯಾಟ್ರಿಯೋನಾ ಹರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು 1993ರಿಂದ 2014ರವರೆಗೆ ಪ್ರಕಟವಾದ 465 ಆಮ್ಲೀಕರಣ ಪ್ರಯೋಗಗಳನ್ನು ಕೂತು ಪರಿಶೀಲಿಸಿದರು. ಅವುಗಳಲ್ಲಿ 95% ಪ್ರಯೋಗಗಳಲ್ಲಿ ಒಂದೋ ತೊಟ್ಟಿಗಳು ಹೀಗೆ ಒಂದಕ್ಕೊಂದು ತಗುಲಿಕೊಂಡಿದ್ದವು, ಇಲ್ಲವೇ ಒಂದು ಥರದ ತೊಟ್ಟಿಗಳೆಲ್ಲ ಒಂದೇ ಕಡೆ ಇದ್ದವು, ಅದೂ ಇಲ್ಲದಿದ್ದರೆ ಹೇಗಿಟ್ಟಿದ್ದೆವು ಅಂತ ಸರಿಯಾಗಿ ಬರೆದೇ ಇರಲಿಲ್ಲ. ಲ್ಯಾಬು, ದುಡ್ಡು, ಸಮುದ್ರ ಎಲ್ಲಾ ಇದ್ದವರ ಮಾತು ಇದು. ನಮ್ಮ ಹುಡುಗಿಗೆ ಕಂಡದ್ದು ಅದೇ.

ಎರಡನೇ ಸಲ ಚೀಟಿ ಎತ್ತಿಸಿದೆವು. ಯಾವ ಬಾಟಲಿಗೆ ಗ್ಯಾಸ್, ಯಾವುದು ಎಲ್ಲಿ ಕೂರಬೇಕು ಎಲ್ಲಾ ಚೀಟಿಯೇ ಹೇಳಿತು. ಮೂರಕ್ಕೂ ಬೇರೆ ಬೇರೆ ಸೋಡಾ ಬಾಟಲಿ, ಬೇರೆ ಪೈಪು. ತೂಗುವವರಿಗೆ ಯಾವುದು ಯಾವ ಚಿಪ್ಪು ಅಂತ ಗೊತ್ತಾಗದಂತೆ ನಂಬರು ಮಾತ್ರ. ಮತ್ತೆ ಈ ಸಲ ಆರೂವರೆಗೆ ಇಳಿಸಲಿಲ್ಲ, ಆ ಮಟ್ಟಕ್ಕೆ ಸಮುದ್ರ ಎಲ್ಲಿ ಹೋಗುತ್ತದೆ? ಹೊಗೆ ಬಿಡುವುದು ಹೀಗೇ ಮುಂದುವರಿದರೆ ಈ ಶತಮಾನದ ಕೊನೆಗೆ ಸುಮಾರು 7.8 ಅಂತ ಅಂದಾಜು. ಅಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡೆವು.

ಮೀಟರಿನ ಬೆಲೆ ಗೊತ್ತಾಗುವುದು ಇಲ್ಲೇ. ಒಬ್ಬಳು ಪೈಪನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿದಿದ್ದಳು. ಬಿಟ್ಟರೆ ಗುಳ್ಳೆ, ಚಿವುಟಿದರೆ ಇಲ್ಲ. ಇನ್ನೊಬ್ಬ ಗಾಜಿನ ಗುಂಡನ್ನು ನೀರಿನಲ್ಲಿ ಮೆಲ್ಲಗೆ ಆಡಿಸುತ್ತಾ ಓದುತ್ತಿದ್ದ. 8.05, 8.01, 7.96. ಗುಳ್ಳೆ ನಿಂತ ಮೇಲೂ ಅಂಕಿ ಇಳಿಯುತ್ತಲೇ ಇತ್ತು, ಈ ಮೀಟರ್ ನಿಧಾನ, ಒಂದು ನಿಮಿಷವಾದರೂ ಕಾಯಬೇಕು. ನಾಲ್ಕು ಗುಳ್ಳೆ ಜಾಸ್ತಿ ಬಿಟ್ಟರೆ 7.5ಕ್ಕೆ ಜಾರಿಬಿಡುತ್ತಿತ್ತು. ಬೆಳಿಗ್ಗೆ 7.8ಕ್ಕೆ ತಂದರೆ ಸಂಜೆಗೆ ಗ್ಯಾಸು ಹಾರಿಹೋಗಿ ಮತ್ತೆ ಮೇಲೆ. ದಿನಕ್ಕೆ ಮೂರು ಸಲ, ಇಪ್ಪತ್ತೊಂದು ದಿನ, ಭಾನುವಾರವೂ ಬಂದರು.

ತೂಕ ನೋಡಿದೆವು. ಆರಕ್ಕೆ ಆರೂ ಹಾಗೇ ಇದ್ದವು. ಮೂರನೇ ಸಲ ಬೇರೆ ಸೆಕ್ಷನ್ನಿನ ಮಕ್ಕಳಿಂದ ಮಾಡಿಸಿದೆ. ಆಗಲೂ ಹಾಗೇ.

"ಹಾಗಾದ್ರೆ ನಮ್ದು ತಪ್ಪಾ ಮಿಸ್?" ಅಂತ ಕೇಳಿದ ಹುಡುಗನ ಮುಖ ನನಗೆ ಈಗಲೂ ಕಣ್ಣ ಮುಂದಿದೆ. ತಪ್ಪಲ್ಲ. ಬೆಚ್ಚಗಿನ ಸಮುದ್ರದ ನೀರಿನಲ್ಲಿ 7.8ಕ್ಕೆ ಬಂದರೂ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಇನ್ನೂ ಸಾಕಷ್ಟು ಉಳಿದಿರುತ್ತದೆ, ಸತ್ತ ಚಿಪ್ಪು ಕರಗಬೇಕಾಗಿಯೇ ಇಲ್ಲ. ಕಷ್ಟ ಇರುವುದು ಜೀವ ಇರುವ, ಆಗಷ್ಟೇ ಚಿಪ್ಪು ಕಟ್ಟಿಕೊಳ್ಳುವ ಮರಿಗಳಿಗೆ. ಅಮೆರಿಕದ ಆರೆಗಾನ್ ತೀರದಲ್ಲಿ ವಿಸ್ಕಿ ಕ್ರೀಕ್ ಅನ್ನುವ ಸಿಂಪಿ ಮರಿಗಳ ಕೇಂದ್ರದಲ್ಲಿ 2007ರ ಸುಮಾರಿಗೆ ಮರಿಗಳು ರಾಶಿ ರಾಶಿ ಸತ್ತವು. ಆಳದಿಂದ ಮೇಲೆ ಬರುವ ಆಮ್ಲೀಯ ನೀರೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಅವರು ನೀರಿಗೆ ಸೋಡಾ ಆಶ್ ಬೆರೆಸಿ ಮರಿ ಉಳಿಸಿಕೊಂಡರು. ನಮ್ಮ ಮನೆಯ ಬಟ್ಟೆ ಸೋಡಾನೇ ಅದು ಅಂದಾಗ ಮಕ್ಕಳು ನಂಬಲಿಲ್ಲ.

ಆಮೇಲೆ ಅವರಿಗೆ ಮೀನಿನ ಕಥೆ ಹೇಳಿದೆ. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಕ್ಲೌನ್ ಮೀನು. 2009ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಮಂಡೇ ಮತ್ತು ಜೊತೆಗಾರರು, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವ ನೀರಿನಲ್ಲಿ ಬೆಳೆದ ಮರಿಗಳಿಗೆ ವಾಸನೆ ಗುರುತಿಸುವುದೇ ತಪ್ಪುತ್ತದೆ ಅಂತ ಬರೆದರು. ಮುಂದಿನ ವರ್ಷ, ಅಂಥ ಮರಿಗಳು ತಮ್ಮನ್ನು ತಿನ್ನುವ ಮೀನಿನ ವಾಸನೆಯ ಕಡೆಗೇ ಹೋಗುತ್ತವೆ ಅಂತಲೂ ಬಂತು. ನಾಲೆಯಲ್ಲಿ ಎರಡು ತೂಬಿನ ನೀರು ಅಕ್ಕಪಕ್ಕ ಹರಿದರೆ ಮೀನು ಯಾವ ಕಡೆ ನಿಲ್ಲುತ್ತದೆ ಅಂತ ನೋಡಿದ ಹಾಗೆ, ಅದೇ ಥರದ ಚಿಕ್ಕ ಕಾಲುವೆಯಲ್ಲಿ ನೋಡಿದ್ದರು. ಜಗತ್ತೆಲ್ಲಾ ಸುದ್ದಿಯಾಯಿತು. 2020ರಲ್ಲಿ ಟಿಮೊತಿ ಕ್ಲಾರ್ಕ್, ಫ್ರೆಡ್ರಿಕ್ ಜುಟ್‌ಫೆಲ್ಟ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ ಬೇರೆ ಮಾತು ಹೇಳಿದರು: ಮೂರು ವರ್ಷ, ಆರು ಜಾತಿ, 900ಕ್ಕೂ ಜಾಸ್ತಿ ಮೀನು, ವಿಡಿಯೋ ಸಮೇತ, ಅಂಥ ಪರಿಣಾಮ ನಮಗೆ ಕಾಣಲಿಲ್ಲ. ಅದೇ ವರ್ಷ ಮಂಡೇ ತಂಡ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು, ನಿಮ್ಮ ವಿಧಾನ ನಮ್ಮದರ ಹಾಗಿಲ್ಲ ಅಂತ. 2022ರಲ್ಲಿ ಇನ್ನೊಂದು ತಂಡ ಹತ್ತು ವರ್ಷದ ಪ್ರಯೋಗಗಳನ್ನೆಲ್ಲಾ ಸಾಲಾಗಿ ಇಟ್ಟು ನೋಡಿತು. ಮೊದಮೊದಲು ಭಾರೀ ದೊಡ್ಡದಾಗಿ ಕಂಡ ಪರಿಣಾಮ ವರ್ಷ ವರ್ಷಕ್ಕೆ ಕರಗುತ್ತಾ ಸೊನ್ನೆಯ ಹತ್ತಿರ ಬಂದಿತ್ತು. ದೊಡ್ಡ ಪರಿಣಾಮ ಕಂಡ ಪ್ರಯೋಗಗಳಲ್ಲಿ ಮೀನಿನ ಸಂಖ್ಯೆ ಕಡಿಮೆ ಇತ್ತು.

ಇದನ್ನು ಕೇಳಿ "ಸಮುದ್ರ ಹುಳಿಯಾಗುವುದೇ ಸುಳ್ಳು" ಅನ್ನುವವರು ಸಿಗುತ್ತಾರೆ. ನನಗೂ ಸ್ಟಾಫ್ ರೂಮಿನಲ್ಲಿ ಸಿಕ್ಕಿದರು. ಹಾಗಲ್ಲ. ನೀರಿನ ರಸಾಯನ ಅಲ್ಲಾಡಿಲ್ಲ, ಸುಣ್ಣದ ಲೋಟದಲ್ಲಿ ನೀವೇ ನೋಡಬಹುದು. ಅಲ್ಲಾಡಿದ್ದು ಮೀನಿನ ನಡತೆಯ ಬಗ್ಗೆ ಹೇಳಿದ ಒಂದು ಮಾತು, ಅದೂ ಬೇರೆಯವರು ಮತ್ತೆ ಮಾಡಿ ನೋಡಿದ್ದರಿಂದ.

ಇನ್ನು ಮೀಟರಿನ ಕೊರತೆ. ಗಾಜಿನ ಗುಂಡನ್ನು ಒಣಗಲು ಬಿಟ್ಟರೆ ಕೆಡುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಟ್ಟರೂ ಕೆಡುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ಕಾಗದದಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. "ತಾಪಮಾನ ತಾನೇ ಸರಿ ಮಾಡಿಕೊಳ್ಳುತ್ತದೆ" ಅಂತ ದೊಡ್ಡದಾಗಿ ಬರೆದಿದ್ದಾರೆ. ಸರಿ ಮಾಡುವುದು ಗಾಜಿನ ಗುಂಡಿನ ಲೆಕ್ಕವನ್ನು ಮಾತ್ರ, ಬಿಸಿಗೆ ನೀರಿನದ್ದೇ ಪಿಎಚ್ ಬದಲಾಗುವುದನ್ನಲ್ಲ. ಆದ್ದರಿಂದ ಎಲ್ಲಾ ಬಾಟಲಿ ಒಂದೇ ಬಿಸಿಯಲ್ಲಿದ್ದಾಗ ಅಳೆಯಿರಿ. ಹನ್ನೊಂದು ತಿಂಗಳಿಗೆ ನಮ್ಮದು ನಿಧಾನವಾಗಿದೆ, ಅಂಕಿ ನಿಲ್ಲಲು ಮೂರು ನಿಮಿಷ ಬೇಕು. ಗುಂಡು ಬದಲಿಸಲು ಬರುವುದಿಲ್ಲ, ಹೊಸದನ್ನೇ ತರಬೇಕು. ಬ್ಯಾಟರಿ ಮಾತ್ರ ಮೊದಲಿನದ್ದೇ ಇದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ತಗೊಳ್ಳುವಾಗ ಅಂಗಡಿಯಲ್ಲೇ 6.86ರ ಬಫರ್ ಕಲಸಿಸಿ, ಎರಡು ಪೀಸ್ ಇಟ್ಟು ನೋಡಿ, ಬಟನ್ ಒತ್ತಿ ಸರಿ ಮಾಡಿದ ಮೇಲೆ ಎರಡು ಪೀಸೂ ಒಂದೇ ಅಂಕಿಗೆ ಬರುತ್ತವಾ ಅಂತ. ಬಿಲ್ ಕೇಳಿ ಇಸ್ಕೊಳ್ಳಿ. 9.18ರ ಪೊಟ್ಟಣ ಜಾಸ್ತಿ ತಗೊಳ್ಳಿ, ಅದೇ ಬೇಗ ಮುಗಿಯುವುದು.

ಹಿರಿಯೂರು ಕಡೆಯ ಗೆಳತಿಯೊಬ್ಬಳು, ಅವಳೂ ವಿಜ್ಞಾನ ಟೀಚರ್, ನಮ್ಮ ಮೀಟರ್ ಕೇಳಿದಳು. ಕೊಡಲಿಲ್ಲ. ನೀನೇ ಒಂದು ತಗೋ, ನೀರೂ ನೀನೇ ತರಿಸು ಅಂದೆ. ಹೇಗೆ ಮಾಡಿದೆವು ಅಂತ ಬಾಟಲಿ ಇಟ್ಟ ಜಾಗದ ಸಮೇತ ನಾಲ್ಕು ಪುಟ ಬರೆದು ಕಳಿಸಿದ್ದೇನೆ. ತೂಕದ ಪುಟ ಮಾತ್ರ ಕಳಿಸಿಲ್ಲ. ಅವಳ ಮಕ್ಕಳ ಇಪ್ಪತ್ತೊಂದು ದಿನ ಮುಗಿಯಲಿ, ಆಮೇಲೆ ಎರಡೂ ನೋಟ್‌ಬುಕ್ ಒಟ್ಟಿಗೆ ತೆಗೆಯುತ್ತೇವೆ.